‘ಏನೂ ಇಲ್ಲ’ ಎಂದು ಬರೆದುಕೊಂಡವಳಿಗೆ

ಸೋಲೊಲಾ ಬೆಟ್ಟ, ಗ್ವಾಟೆಮಾಲಾ
ಸೋಮವಾರ

ತೋಮಾಸಾ,

ಮೊದಲು ‘ಪ್ರೀತಿಯ’ ಎಂದು ಬರೆದು ಆಮೇಲೆ ಹೊಡೆದುಹಾಕಿದೆ. ಗುರುವಾರ ನೀನು ಮಕ್ಕಳ ಊಟದ ಸಮೀಕ್ಷೆಯ ಫಾರಂ ಹಿಡಿದು ಮತ್ತೆ ನಮ್ಮೂರಿಗೆ ಬರುತ್ತೀಯಂತೆ. ಅದಕ್ಕೆ ಮುಂಚೆ ಇದು ನಿನ್ನ ಕೈ ಸೇರಲಿ ಎಂದು ಬಸ್ಸಿನ ಡ್ರೈವರ್ ಹತ್ತಿರ ಕೊಟ್ಟು ಕಳಿಸುತ್ತಿದ್ದೇನೆ.

ಮೂರು ವರ್ಷದ ಹಿಂದೆ ರಾಜಧಾನಿಯ ಡಾಕ್ಟರಮ್ಮನ ಜೊತೆ ನಮ್ಮ ಮನೆಗೆ ಬಂದೆಯಲ್ಲ, ಆಗ ನನ್ನ ಮಗಳು ವಿಲ್ಮಾಗೆ ಎರಡು ವರ್ಷ. ಒಲೆಯ ಮೇಲೆ ಗಣಿಕೆ ಸೊಪ್ಪಿನ ಸಾರು ಕುದಿಯುತ್ತಿತ್ತು. ಪಕ್ಕದಲ್ಲಿ ಅವ್ವ ದಂಟಿನ ಸೊಪ್ಪು ಸೋಸುತ್ತ ಕೂತಿದ್ದಳು. ಡಾಕ್ಟರಮ್ಮ ಸ್ಪ್ಯಾನಿಷ್‌ನಲ್ಲಿ ಕೇಳಿದ್ದನ್ನು ನೀನು ನಮ್ಮ ಕಾಕ್ಚಿಕೆಲ್ ಭಾಷೆಯಲ್ಲಿ ಹೇಳಿದೆ: “ನಿನ್ನೆ ಮಗು ಏನೇನು ತಿಂತು?”

“ರೊಟ್ಟಿ, ಉಪ್ಪು. ಇನ್ನೇನೂ ಇಲ್ಲ ಕಣೇ,” ಎಂದೆ.

ನಾಚಿಕೆ, ತೋಮಾಸಾ. ಶಾಲೆಯಲ್ಲಿ ಪೇಟೆಯ ಹುಡುಗಿಯರು ನಮ್ಮಿಬ್ಬರನ್ನೂ “ಬಂದ್ವು ನೋಡ್ರೇ, ಹುಲ್ಲು ಮೇಯೋವು” ಎಂದು ಆಡಿಕೊಳ್ಳುತ್ತಿದ್ದದ್ದು ಮರೆತೆಯಾ? ಅವತ್ತು ಇಡೀ ಕೇರಿಯ ಹೆಂಗಸರು ನನ್ನ ಹಾಗೆಯೇ ಹೇಳಿದರು. ಬೇಲಿ ಮಗ್ಗುಲಲ್ಲಿ ತಾನಾಗಿ ಹುಟ್ಟುವ ಸೊಪ್ಪನ್ನು ಊಟವೆಂದು ಯಾರು ಹೇಳುತ್ತಾರೆ, ಅದೂ ಷೂ ಹಾಕಿಕೊಂಡು ಬಂದವರ ಮುಂದೆ?

ನಾನು ಸುಳ್ಳು ಹೇಳಿದೆ, ಸರಿ. ನಿನಗೇನಾಗಿತ್ತು? ನಿನ್ನ ತಾಯಿ ತೀರಿಕೊಂಡ ಮೇಲೆ ಅದೇ ಒಲೆಯ ಮುಂದೆ ಕೂತು ಎಷ್ಟು ಬಟ್ಟಲು ಕುಡಿದಿದ್ದೀಯ! ಬಾಣಂತನದಲ್ಲಿ ನಿನಗೆ ಹಾಲು ಬತ್ತಿದಾಗ ಅವ್ವ ಇದೇ ಸಾರು ಹೊತ್ತುಕೊಂಡು ನಿನ್ನ ಮನೆಗೆ ನಡೆದಳು. ಅವತ್ತು ಅದರ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ನೀನು ತಲೆ ತಗ್ಗಿಸಿ ‘ಏನೂ ಇಲ್ಲ’ ಎಂದು ಬರೆದುಕೊಂಡೆ.

ನಿನ್ನ ಕಾಗದ ಮೇಲಕ್ಕೆ ಹೋಯಿತು. ನಮ್ಮೂರಿನವರಿಗೆ ತಿನ್ನಲು ಗತಿಯಿಲ್ಲ ಎಂದಾಯಿತು. ತಾಯಂದಿರು ಸರದಿಯ ಮೇಲೆ ಶಾಲೆಯಲ್ಲಿ ಕಾಳು, ಸೊಪ್ಪು ಬೇಯಿಸುತ್ತಿದ್ದ ಹಂಡೆ ಮೂಲೆ ಸೇರಿತು. ಯಾವುದೋ ಕಂಪನಿಯ ಸಿಹಿ ಪುಡಿ ಬಂತು. ಮಕ್ಕಳಿಗೆ ಹೊಟ್ಟೆ ಕೆಟ್ಟಿತು, ಮಿಕ್ಕ ಪುಡಿ ತಿಂದು ಹಂದಿಗಳು ಕೊಬ್ಬಿದವು, ನೀನು ಸೂಪರ್‌ವೈಸರ್ ಆದೆ. ವಿಲ್ಮಾ ಈಗ ಸೊಪ್ಪು ಕಂಡರೆ “ಥೂ, ಅದು ಬಡವ್ರದ್ದು” ಎಂದು ಮುಖ ತಿರುಗಿಸುತ್ತಾಳೆ.

ಇದನ್ನೆಲ್ಲ ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಒಂದಿದೆ. ಅವತ್ತು ನೀವು ಹೊರಟ ಮೇಲೆ ಅವ್ವ ಒಲೆ ಆರಿಸಿ, “ಹಂಗಾದ್ರೆ ಇಷ್ಟು ವರ್ಷ ನಾನು ನಿಮ್ಗೆ ಉಣ್ಸಿದ್ದು ಏನೇ?” ಎಂದಳು. ಅಂದಿನಿಂದ ಸೊಪ್ಪು ಬೇಯಿಸಿ ತಾನೊಬ್ಬಳೇ ಉಣ್ಣುತ್ತಾಳೆ, ನಮಗೆ ಬಡಿಸುವುದಿಲ್ಲ.

ಶಾಲೆಯ ಅಡುಗೆ ಮತ್ತೆ ತಾಯಂದಿರ ಕೈಗೆ ಬರಬೇಕೋ, ಪುಡಿಯೇ ಇರಬೇಕೋ ಎನ್ನುವುದು ಈ ಸಲದ ಫಾರಂ ಮೇಲೆ ತೀರ್ಮಾನವಂತೆ. ಗುರುವಾರ ನನ್ನನ್ನು ಕೇಳಬೇಡ. ಅವ್ವನ ಎದುರು ನೆಲದ ಮೇಲೆ ಕೂತು ಕೇಳು. ಅವಳಿಗೆ ಈಗ ಕಿವಿ ಮಂದ, ಗಟ್ಟಿಯಾಗಿ ಕೇಳು. ಅವಳು ಹೇಳಿದ ಒಂದೊಂದು ಸೊಪ್ಪಿನ ಹೆಸರನ್ನೂ ಬರೆದುಕೋ. ಫಾರಂನಲ್ಲಿ ಜಾಗವಿಲ್ಲದಿದ್ದರೆ ಅಂಚಿನಲ್ಲಿ ಬರೆ, ಹಿಂಬದಿಯಲ್ಲಿ ಬರೆ. ಅದೂ ಆಗದಿದ್ದರೆ ನಮ್ಮ ಹೊಸ್ತಿಲು ತುಳಿಯಬೇಡ.

ನಿನ್ನ ಮಕ್ಕಳು ಹೊಟ್ಟೆ ತುಂಬ ಉಂಡು ಬೆಳೆಯಲಿ. ಉಂಡದ್ದನ್ನು ಹೇಳಲು ಅವರಿಗೆ ನಾಚಿಕೆಯಾಗದಿರಲಿ.

ನಿನ್ನ ಜೊತೆ ಒಂದೇ ಬಟ್ಟಲಲ್ಲಿ ಕುಡಿದ
ಪೆಟ್ರೋನಾ