ಅಟ್ಟದ ಮೇಲಿನ ರಾಗಿ ಬಿಯರ್

೧೪-೩-೧೯೯೮, ಶನಿವಾರ. ದಾವಣಗೆರೆ.

ಅಟ್ಟದ ಮೇಲಿದ್ದ ನಮ್ಮ ಬಾಟಲಿಗಳಲ್ಲಿ ಒಂದು ಇಂದು ಸಂಜೆ ಸಿಡಿದು ವೀರಮರಣ ಹೊಂದಿತು. ಉಳಿದವು ಸರದಿಗಾಗಿ ಕಾಯುತ್ತಿವೆ.

ಮೊಳಕೆ ರಾಗಿಯ ಬಿಯರನ್ನು ಬಾಟಲಿಗೆ ತುಂಬುವಾಗ ಚಿಟಿಕೆ ಬೆಲ್ಲ ಸಾಕೆಂದು, ಈ ಸಾಹಸದಲ್ಲಿ ನನ್ನ ಪಾಲುದಾರನಾದ ಗೆಳೆಯ ನಿಂಗರಾಜು ಬಡಿದುಕೊಂಡಿದ್ದ. ಹೋಳಿಗೆ ತಿಂದು ಬೆಳೆದ ಕೈ ನನ್ನದು, ಧಾರಾಳವಾಗಿ ಹಾಕಿದೆ; ಒಳಗೆ ಗ್ಯಾಸು ಮಿತಿಮೀರಿತು.

"ಅದೇನಲೇ ಸದ್ದು?" ಎಂದರು ಅಪ್ಪಾಜಿ.

"ಇಲಿ, ಅಪ್ಪಾಜಿ."

"ಇಲಿ ಪಟಾಕಿ ಹೊಡೀತಾವೇನು? ಬೆಳಗ್ಗೆ ಸ್ವಾಮೇರು ಬರೋದ್ರೊಳಗೆ ನಾನೇ ಹತ್ತಿ ನೋಡ್ತೀನಿ."

ನಾಳೆ ಮನೆಯಲ್ಲಿ ಪಾದಪೂಜೆ. ಸ್ವಾಮಿಗಳಿಗೆ ಮಣೆ ಹಾಕುವುದು ಸರಿಯಾಗಿ ಆ ಅಟ್ಟದ ಕೆಳಗೆ. ನಾಳೆ ಮಧ್ಯಾಹ್ನವೇ ಹರಿಹರದ ಬಾರಿನ ಕೆಂಚವೀರಪ್ಪನವರು ರುಚಿ ನೋಡುತ್ತಾರೆ. "ಎಲ್ಲಾ ಕಡೆ ಅದೇ ಲಾರೀಲಿ ಬರೋ ಕಂಪನಿ ಬಿಯರ್. ನಮ್ಮೂರಿಂದು ಚಲೋ ಇದ್ರೆ ಲೈಸೆನ್ಸಿಗೆ ನಾನೇ ಓಡಾಡ್ತೀನಿ, ತರ್ರಿ" ಎಂದಿದ್ದಾರೆ. ಆ ಮಾತು ನಂಬಿ ನಿಂಗರಾಜು ಇಲ್ಲೇ ಊರಂಚಿನ ಕರೂರಿನ ಫ್ಯಾಕ್ಟರಿ ಕೆಲಸ ಬಿಟ್ಟಿದ್ದಾನೆ.

ಮುಚ್ಚಳ ಬಿಚ್ಚಿದರೆ ಮನೆಯ ಮಾನ ಉಳಿಯುತ್ತದೆ, ಬಿಯರ್ ಸಪ್ಪೆಯಾಗುತ್ತದೆ. ಊಟವಾದ ಮೇಲೆ ಕಳ್ಳನಂತೆ ಹತ್ತಿ ಒಂದನ್ನು ಬಿಚ್ಚಿದೆ. ಕೆಟ್ಟದಾಗಿರಲಿ ದೇವರೇ ಎಂದು ಬೇಡಿಕೊಂಡೇ ಕುಡಿದೆ. ಆಗ ಎಲ್ಲವನ್ನೂ ಬಚ್ಚಲಿಗೆ ಸುರಿದು ನಿಶ್ಚಿಂತೆಯಿಂದ ಮಲಗಬಹುದಿತ್ತು.

ಚೆನ್ನಾಗಿದೆ. ಹುರಿದ ರಾಗಿಯ ಘಮ, ಕೊನೆಗೊಂದು ಸಣ್ಣ ಕಹಿ. ಇಷ್ಟು ಚೆನ್ನಾಗಿ ನಾನು ಈವರೆಗೆ ಏನನ್ನೂ ಮಾಡಿಲ್ಲ.

ಸುರಿಯಲಾರೆ. ಒದ್ದೆ ಕೌದಿಯಲ್ಲಿ ಸುತ್ತಿ, ಮಲಗಿರುವ ಅಪ್ಪಾಜಿಯನ್ನು ದಾಟಿ, ಒಂದೊಂದನ್ನೇ ಹಿತ್ತಿಲಿಗೆ ಸಾಗಿಸುತ್ತೇನೆ. ಅವರಿಗೆ ಎಚ್ಚರವಾದರೆ ಆಗಲಿ. ನಾನೇ ಮಾಡಿದ್ದು ಎಂದು ಹೇಳಿ, ಒಂದು ಲೋಟ ಮುಂದೆ ಹಿಡಿದು, ಮೊದಲು ನೀವೇ ರುಚಿ ನೋಡಿ ಎನ್ನುತ್ತೇನೆ.