ನೀರಿಗಿಳೀಬೇಡಿ ಅಂದರು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಮಗಳೇ,

ನಾನು ಚೆನ್ನಾಗಿದ್ದೇನೆ. ನೀನು ನಂಬೋದಿಲ್ಲ ಅಂತ ಗೊತ್ತು, ಆದರೂ ಮೊದಲು ಅದನ್ನೇ ಬರೆದೆ. ನೀನು, ಅಳಿಯಂದಿರು, ಮೊಮ್ಮಗಳು ಆರೋಗ್ಯವಾಗಿದ್ದೀರಿ ತಾನೆ? ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲ, ಮೆಸೇಜಿಗೂ ಉತ್ತರ ಕೊಡಲಿಲ್ಲ, ಬೇಜಾರು ಮಾಡ್ಕೋಬೇಡ. ಫೋನಿನಲ್ಲಾದರೆ ನಾನು ಅರ್ಧ ಹೇಳೋಷ್ಟರಲ್ಲಿ "ಅಮ್ಮಾ, ಅದು ನಿನ್ನ ಥೈರಾಯ್ಡ್ ಮಾತಾಡ್ತಿರೋದು" ಅಂತೀಯ. ಕಾಗದದಲ್ಲಾದರೆ ನಡುವೆ ಬಾಯಿ ಹಾಕೋಕಾಗಲ್ಲ.

ಚಳಿಗಾಲದ ಶುರುವಿನಲ್ಲಿ ನೀನೇ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆಯಲ್ಲ, ಅದರಲ್ಲಿ ಟಿ.ಎಸ್.ಎಚ್. ಅನ್ನೋದು ಗೆರೆ ದಾಟಿ ಸ್ವಲ್ಪ ಮೇಲಿತ್ತು. ಅವತ್ತಿನಿಂದ ನಿನ್ನ ಪಾಲಿಗೆ ನಾನು ಅಮ್ಮ ಹೋಗಿ ರಿಪೋರ್ಟ್ ಆದೆ. ಬೆಳಿಗ್ಗೆ ಶಾಲು ಹೊದ್ದರೆ ಥೈರಾಯ್ಡ್. ಕನ್ನಡಕ ಮರೆತರೆ ಥೈರಾಯ್ಡ್. ಸಿಟ್ಟು ಬಂದರಂತೂ ಕೇಳೋದೇ ಬೇಡ. ಎರಡು ಬ್ಯಾಚ್ ಹೆಂಗಸರಿಗೆ ಈಜು ಹೇಳಿಕೊಟ್ಟು ಬಂದಮೇಲೂ ಸುಸ್ತಾಗಬಾರದು ಅನ್ನೋಕೆ ನಾನೇನು ಪಂಪ್‌ಸೆಟ್ಟಾ? ನಿಮ್ಮತ್ತೆ ನುಂಗೋ ಥೈರಾಯ್ಡ್ ಮಾತ್ರೆಯನ್ನೇ ಪೊಟ್ಟಣ ಕಟ್ಟಿ ನನ್ನ ದಿಂಬಿನ ಹತ್ತಿರ ಇಟ್ಟುಹೋದೆ. ಒಂದನ್ನೂ ಮುಟ್ಟಲಿಲ್ಲ.

ಆಮೇಲೆ ಏನಾಯ್ತು ಅಂತ ನಿನಗೆ ಪೂರ್ತಿ ಗೊತ್ತಿಲ್ಲ. ಈಜುಕೊಳದ ಮ್ಯಾನೇಜರ್ ನನ್ನ ಕರೆದು, "ಮೇಡಂ, ನಿಮ್ಮ ಮಗಳು ಫೋನ್ ಮಾಡಿದ್ರು. ನಿಮಗೆ ಥೈರಾಯ್ಡ್ ಅಂತೆ. ನೀರಲ್ಲಿ ತಲೆ ಸುತ್ತಿ ಏನಾದ್ರೂ ಆದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ? ಇನ್ನು ನೀರಿಗಿಳೀಬೇಡಿ. ಕೌಂಟರಲ್ಲಿ ಕೂತು ಟವೆಲ್ ಕೊಡಿ, ಸಾಕು" ಅಂದರು.

ಅರವತ್ತೊಂಬತ್ತನೇ ವಯಸ್ಸಿನಲ್ಲಿ ಟವೆಲ್ ಹಂಚೋಕೆ ಕೂತೆ. ಗಾಜಿನಾಚೆ ನನ್ನ ಬ್ಯಾಚಿನವರು ಹೊಸ ಕೋಚ್ ಹತ್ತಿರ ಕಲೀತಿದ್ದರು. ಪಕ್ಕದ ಬೀದಿಯ ಟೈಲರಮ್ಮ ಮಾತ್ರ ದಡದಲ್ಲಿ ಕಾಲು ಇಳಿಬಿಟ್ಟು ಕೂತಿರೋರು. ಮೊಣಕಾಲುದ್ದ ನೀರಿಗೂ ಹೆದರೋ ಹೆಂಗಸು. ಟವೆಲ್ ತಗೊಳ್ಳೋಕೆ ಬಂದಾಗ, "ಬೆನ್ನ ಕೆಳಗೆ ನಿಮ್ಮ ಕೈ ಇದ್ರೇನೇ ನಾನು ತೇಲೋದು. ನೀವು ಬರೋವರೆಗೂ ಹೀಗೇ ಕೂತಿರ್ತೀನಿ" ಅಂದರು. ಆಕೆ ನನಗೋಸ್ಕರ ಹಟ ಹಿಡಿದು ಕೂತಿದ್ದಾರೆ, ನಾನು ಟವೆಲ್ ಮಡಚ್ತಾ ಇದ್ದೀನಿ! ನಾಚಿಕೆಯಾಯ್ತು.

ಮಾರನೇ ದಿನವೇ ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ಚಿಕ್ಕ ಹುಡುಗಿ, ಆದರೆ ತಾಳ್ಮೆಯಿಂದ ಕೇಳಿಸ್ಕೊಂಡರು. "ನಿಮಗೆ ಥೈರಾಯ್ಡ್ ಹಾರ್ಮೋನ್ ಬೇಕಾದಷ್ಟಿದೆ ಅಮ್ಮ. ಆ ಗ್ರಂಥಿಯನ್ನ ಕೆಲಸಕ್ಕೆ ಹಚ್ಚೋ ಟಿ.ಎಸ್.ಎಚ್. ಮಾತ್ರ ಸ್ವಲ್ಪ ಜಾಸ್ತಿ. ವಯಸ್ಸಾದವರಲ್ಲಿ ಹೀಗಾಗೋದುಂಟು. ಈಗಲೇ ಮಾತ್ರೆ ಬೇಡ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ" ಅಂದರು. ಪೊಟ್ಟಣ ತೋರಿಸಿದ್ದಕ್ಕೆ ಮಾತ್ರ ಗದರಿದರು. "ಬೇರೆಯವರ ಮಾತ್ರೆ ಮುಟ್ಟಲೇಬೇಡಿ. ಹೆಚ್ಚಾದರೆ ಎದೆ ಹೊಡ್ಕೊಳ್ಳುತ್ತೆ, ಮೂಳೆ ಸವೆಯುತ್ತೆ." ಸಕ್ಕರೆ, ಕೊಬ್ಬು ಎರಡೂ ಅಂಚಿನಲ್ಲಿವೆಯಂತೆ. ಅದಕ್ಕೆ ವಾದ ಮಾಡಲಿಲ್ಲ, ಚಹಾ ಜೊತೆ ಬಿಸ್ಕತ್ತು ಬಿಟ್ಟಿದ್ದೀನಿ. "ಈಜು ಬಿಡಲೇ?" ಅಂತ ಕೇಳಿದೆ. "ಬಿಟ್ಟರೆ ಆಗ ನನಗೆ ಚಿಂತೆ" ಅಂದರು.

ಅವರ ಚೀಟಿ ಹಿಡಿದು ಮ್ಯಾನೇಜರ್ ಮುಂದೆ ನಿಂತೆ. "ಚೀಟಿ ಸರಿ ಮೇಡಂ, ಆದ್ರೆ..." ಅಂತ ರಾಗ ಎಳೆದರು. "ಎಲ್ಲ ಕೋಚ್‌ಗಳಿಗೂ ಇಡೋ ಪರೀಕ್ಷೆ ನನಗೂ ಇಡಿ" ಅಂದೆ. ಆಳದ ಕಡೆ ರಬ್ಬರ್ ಇಟ್ಟಿಗೆ ಹಾಕಿಸಿದರು, ಮುಳುಗಿ ಅದನ್ನ ತಳದಿಂದ ಎತ್ತಿ ತರಬೇಕು. ಲೈಫ್‌ಗಾರ್ಡ್ ಪಕ್ಕದಲ್ಲೇ ನಿಂತ. ಮೊದಲ ಸಲ ಮುಳುಗಿದಾಗ ತಳ ಸಿಗಲಿಲ್ಲ. ಮೇಲೆ ಬಂದರೆ ಮ್ಯಾನೇಜರ್, "ಸಾಕು ಬಿಡಿ" ಅಂದರು. "ಸಾಕೋ ಬೇಕೋ ನಾನು ಹೇಳ್ತೀನಿ" ಅಂತ ಉಸಿರು ತುಂಬಿಕೊಂಡು ಮತ್ತೆ ಮುಳುಗಿದೆ. ಇಟ್ಟಿಗೆ ಎದೆಗವಚಿಕೊಂಡು ದಡಕ್ಕೆ ತಂದಿಟ್ಟಾಗ ಕಿವಿ ಗುಂಯ್. ಟೈಲರಮ್ಮ ಚಪ್ಪಾಳೆ ತಟ್ಟಿದ್ದು ಮಾತ್ರ ಚೆನ್ನಾಗಿ ಕೇಳಿಸ್ತು.

ಬ್ಯಾಚ್ ಈಗ ಮತ್ತೆ ನನ್ನದು. ಹೋದ ವಾರ ಮರುಪರೀಕ್ಷೆಯೂ ಆಯ್ತು. ಟಿ.ಎಸ್.ಎಚ್. ಇಳಿದಿಲ್ಲ, ಏರಿಯೂ ಇಲ್ಲ. ಮುಂದೆ ಡಾಕ್ಟರು ಮಾತ್ರೆ ಬರೆದುಕೊಟ್ಟರೆ ತಕರಾರಿಲ್ಲದೆ ನುಂಗ್ತೀನಿ. ಆದರೆ ನನ್ನ ವಿಷಯವನ್ನ ನನ್ನನ್ನ ಕೇಳದೆ ಯಾರೂ ಇನ್ನೊಬ್ಬರ ಹತ್ತಿರ ಆಡಕೂಡದು. ನೀನು ಕೂಡ.

ಹೊಟ್ಟೆ ತುಂಬ ಊಟ ಮಾಡು, ಕಣ್ತುಂಬ ನಿದ್ದೆ ಮಾಡು. ನಿಮ್ಮ ಮನೆ ನಗುನಗುತ್ತಾ ಇರಲಿ. ನೀನೂ ನನ್ನ ವಯಸ್ಸಿಗೆ ಬಂದು, ನನಗಿಂತ ಜೋರಾಗಿ ಜಗಳವಾಡೋಷ್ಟು ಗಟ್ಟಿಯಾಗಿರು.

ನಿನ್ನ
ಅಮ್ಮ

ತಾ.ಕ.: ನೀನು ಮ್ಯಾನೇಜರಿಗೆ ಫೋನ್ ಮಾಡಿದ್ದನ್ನ ಹೇಗೋ ನುಂಗಿಕೊಂಡೆ. ನಿನ್ನೆ ಮಕ್ಕಳ ಸ್ಪರ್ಧೆಗೆ ಬೇರೆ ಈಜುಕೊಳದ ಮಕ್ಕಳೂ ನಮ್ಮಲ್ಲಿಗೆ ಬಂದಿದ್ದರು. ಅವರ ಸಾಲಿನಲ್ಲಿ ನಿನ್ನ ಮಗಳು ನಿಂತಿದ್ದಳು. ಅವಳು ಈಜು ಕಲೀತಿದ್ದಾಳೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಓಡಿಬಂದು ಸೊಂಟ ತಬ್ಬಿಕೊಂಡು, "ಅಜ್ಜಿ, ನಿನ್ನ ಹತ್ರ ಕಲಿಯೋಕೆ ಅಮ್ಮ ಬಿಡಲ್ಲ. ನೀನು ನನ್ನ ಮುಳುಗಿಸಿಬಿಡ್ತೀಯಂತೆ" ಅಂದಳು. ಮಗುವಿನ ತಲೆ ಸವರಿ ಕಳಿಸಿದೆ. ನಿನಗೆ ಈಜು ಕಲಿಸಿದ್ದು ಯಾರು, ಮಗಳೇ? ಇದಕ್ಕೆ ಮೆಸೇಜ್ ಕಳಿಸಬೇಡ. ಎದುರಿಗೆ ಬಂದು ಹೇಳು.