ಜಾಲರಿಯ ಬಳಿ ಕಂಡವನು

ಗ್ಲಾನಂಟ್ ಬೀದಿ, ಕ್ವಮ್ ಹೆಲಿಗ್
ಫೆಬ್ರವರಿ 11, ಮಂಗಳವಾರ

ನನ್ನ ಎಮ್ರಿಸ್‌ಗೆ,

ಮೊದಲು ಮೊಣಕಾಲಿನ ಸಮಾಚಾರ ಹೇಳು. ಹಡಗಿನ ಅಡುಗೆಮನೆಯಲ್ಲಿ ನಿಂತೇ ಇರಬೇಕು, ಕೂತರೆ ಸಾರು ಉಕ್ಕುತ್ತದೆ ಅಂತ ಕ್ರಿಸ್‌ಮಸ್ಸಿಗೆ ಫೋನ್ ಮಾಡಿದಾಗ ನೀನೇ ಹೇಳಿದೆ. ಹಾಗಾದರೆ ಆ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಅದು ಪೆಟ್ಟಿಗೆಯ ತಳದಲ್ಲಿ ನಾನು ಮಡಚಿ ಇಟ್ಟ ಹಾಗೆಯೇ ಇದೆಯೋ? ನನಗೆ ಎರಡನೆಯದೇ ಅನ್ನಿಸುತ್ತದೆ. ಈ ಪತ್ರ ಮೊಂಟೆವಿಡಿಯೊ ಬಂದರಿಗೆ ನಿನಗಿಂತ ಮೊದಲು ತಲುಪುತ್ತದೆ ಅಂತ ಅಂಚೆಯ ಹುಡುಗಿ ಆಣೆ ಮಾಡಿದ್ದಾಳೆ. ಅವಳ ಮಾತನ್ನೂ ನಾನು ಪೂರ್ತಿ ನಂಬಿಲ್ಲ. ನಾನು ಗಟ್ಟಿಯಾಗಿದ್ದೇನೆ. ಕೆಮ್ಮು ಇತ್ತು, ಹೋಯಿತು. ನಾಯಿಗೂ ಇತ್ತು, ಅದಕ್ಕೂ ಹೋಯಿತು.

ಈಗ ಒಂದು ಸುಳ್ಳನ್ನು ಸರಿಮಾಡಬೇಕು. ಡಿಸೆಂಬರಿನಲ್ಲಿ ಫೋನಿನಲ್ಲಿ ನಾನು 'ಮನೆಯೊಳಗೆ ಸ್ವಲ್ಪ ತೇವ ಆಗಿದೆ' ಅಂದೆನಲ್ಲ, ಅದು ತೇವವಲ್ಲ ಕಣೋ, ಹಳ್ಳವೇ ಒಳಗೆ ಬಂದಿತ್ತು. ಬೆಟ್ಟದಿಂದ ಇಳಿಯುವ ನೀರು ನಮ್ಮ ಬೀದಿಯ ತಲೆಯಲ್ಲಿ ಕಬ್ಬಿಣದ ಜಾಲರಿ ದಾಟಿ ಮೋರಿಯೊಳಗೆ ಹೋಗಬೇಕಷ್ಟೆ? ಅವತ್ತು ಎಲೆ, ಕೊಂಬೆ, ಯಾರದೋ ಹರಿದ ಹಾಸಿಗೆ ಎಲ್ಲ ಸೇರಿ ಜಾಲರಿಯ ಬಾಯಿ ಮುಚ್ಚಿತ್ತು. ನೀರು ಬೀದಿ ಹಿಡಿಯಿತು. ಮೆಟ್ಟಿಲಿನ ಎರಡನೇ ಹಲಗೆಯವರೆಗೂ ಬಂತು. ನನ್ನ ಅಮ್ಮನ ಪಿಯಾನೊ ಊದಿಕೊಂಡು ಕೂತಿದೆ, ಯಾವ ಕೀಲಿ ಒತ್ತಿದರೂ ಒಂದೇ ಗೊಗ್ಗರು ದನಿ. ನೀನು ಅಷ್ಟು ದೂರದಲ್ಲಿ ಕೂತು ಏನು ಮಾಡುತ್ತಿದ್ದೆ? ಒಲೆಯ ಮುಂದೆ ನಿಂತು ಕೈ ಸುಟ್ಟುಕೊಳ್ಳುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ಈಗ ಗೋಡೆ ಒಣಗಿದೆ, ಹಾಗಾಗಿ ಹೇಳುತ್ತಿದ್ದೇನೆ.

ನೀರು ಬಂದದ್ದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ನಮ್ಮ ದೂರಿಗೆ ಬಂದ ಕೌನ್ಸಿಲ್‌ನ ಉತ್ತರ. 'ಜಾಲರಿಯನ್ನು ನಮ್ಮವರು ಪ್ರತಿವಾರ ನೋಡಿಕೊಳ್ಳುತ್ತಾರೆ, ಯಾವಾಗಲೂ ಸ್ವಚ್ಛವಾಗಿಯೇ ಇತ್ತು, ಅವತ್ತಿನ ಮಳೆ ಅಸಾಧಾರಣ' ಅಂದರು. ಪ್ರತಿವಾರ! ನಮ್ಮ ಬೀದಿಯಲ್ಲಿ ಒಂದು ಬೆಕ್ಕು ಹೊಸದಾಗಿ ಬಂದರೂ ನನಗೆ ಗೊತ್ತಾಗುತ್ತದೆ, ಕೌನ್ಸಿಲಿನ ಹಳದಿ ಲಾರಿ ಬಂದು ಹೋದದ್ದು ಗೊತ್ತಾಗುವುದಿಲ್ಲವೇ? ಆದರೆ ಒಂದು ವಿಷಯ ನನ್ನನ್ನೂ ಕೊರೆಯಿತು. ಲಾರಿ ಬರುತ್ತಿರಲಿಲ್ಲ ಅನ್ನುವುದು ನಿಜವಾದರೆ, ಶರತ್ಕಾಲದ ಅಷ್ಟೊಂದು ಎಲೆ ಬಿದ್ದಾಗಲೂ ಜಾಲರಿ ಸ್ವಚ್ಛವಾಗಿ ಇದ್ದದ್ದೂ ನಿಜ. ನಾಯಿ ಕರೆದುಕೊಂಡು ಹೋದಾಗ ನಾನೇ ಕಣ್ಣಾರೆ ನೋಡಿದ್ದೇನೆ. ಹಾಗಾದರೆ ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ ಕಟ್ಟಿದ್ದು ಹೇಗೆ? ಯಾರಾದರೂ ತಂದು ತುಂಬಿದರೇ?

ಮೇಲಿನ ಮನೆಯ ಗ್ಲೆನಿಸ್ ಆ ಬೆಂಕಿಗೆ ಎಣ್ಣೆ ಸುರಿದಳು. ಒಂದು ಮಧ್ಯಾಹ್ನ ಟೀ ಕುಡಿಯಲು ಬಂದವಳು ಬಾಗಿಲು ಹಾಕಿ ಬಂದು ಕೂತಳು. 'ಟೆಗ್ವೆನ್, ನಾನು ಯಾರ ಹೆಸರನ್ನೂ ಹೇಳಲ್ಲ ಮಾರಾಯ್ತಿ, ಆದ್ರೆ ಇಲ್ಟಿಡ್ ಬೆಳಗಿನ ಜಾವ ಗೋಣಿಚೀಲ ಹೊತ್ಕೊಂಡು ಜಾಲರಿ ಹತ್ರ ನಿಂತಿದ್ದನ್ನ ನಾನೇ ನೋಡಿದೀನಿ. ಒಂದ್ಸಲ ಅಲ್ಲ. ಬೇಲಿಗಿಡ ಕತ್ತರಿಸಿದ ಕಸಾನೆಲ್ಲ ಅಲ್ಲೇ ಸುರೀತಾನೆ ಅಂತ ಕಾಣುತ್ತೆ.' ಹೆಸರು ಹೇಳಲ್ಲ ಅನ್ನುತ್ತಲೇ ಹೆಸರು ಹೇಳುವ ವಿದ್ಯೆ ಅವಳಿಗೇ ಸರಿ. ನಿನ್ನ ಹಳೆಯ ಗೆಳೆಯ, ನಿನ್ನ ಜೊತೆ ಪಾರಿವಾಳ ಸಾಕಿದವನು ಅಂತ ನಾನು ಮೊದಲು ನಂಬಲಿಲ್ಲ. ಆದರೆ ಅವನ ನಡವಳಿಕೆ ನೋಡು. ನೀರು ಇಳಿದ ಮಾರನೇ ದಿನ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದವನು ಒಳಗೆ ಕಾಲಿಡಲಿಲ್ಲ. ಪಿಯಾನೊ ಕಡೆ ನೋಡಿ, 'ನನ್ನಿಂದ್ಲೇ ಆಗೋಯ್ತು ತಾಯಿ' ಅಂದ. 'ಏನು ನಿನ್ನಿಂದ?' ಅಂದರೆ ಟೋಪಿ ಸರಿಮಾಡಿಕೊಂಡು ಹೊರಟೇಹೋದ. ಆಮೇಲೆ ಬೀದಿಯವರೆಲ್ಲ ನಮ್ಮ ಮನೆಯಲ್ಲಿ ಸೇರಿದಾಗಲೂ ಬರಲಿಲ್ಲ. ನನ್ನನ್ನು ಕಂಡರೆ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನನ್ನು ನಾನು ಇನ್ನೇನು ಅಂದುಕೊಳ್ಳಬೇಕಿತ್ತು? ಭಾನುವಾರ ಚಾಪೆಲ್‌ನಲ್ಲಿ ಅವನು ಹಳೆಯ ಅಭ್ಯಾಸದಿಂದ ನನ್ನ ಬೆಂಚಿಗೆ ಬಂದರೆ ನಾನು ಕೈಚೀಲವನ್ನು ಅವನ ಜಾಗದಲ್ಲಿಟ್ಟೆ. ಅವನು ಸುಮ್ಮನೆ ಹಿಂದಿನ ಸಾಲಿಗೆ ಹೋದ. ಹಾಡುವಾಗ ಅವನ ದನಿ ಬರಲಿಲ್ಲ.

ಕೌನ್ಸಿಲ್‌ನ ಪರಿಶೀಲನಾ ಸಭೆಗೆ ಬಂದು ನಿವಾಸಿಗಳು ತಮ್ಮ ದೂರು ಹೇಳಬಹುದು ಅಂತ ತಿಳಿಯಿತು. ಬೀದಿಯವರೆಲ್ಲ ಸೇರಿ ನನ್ನನ್ನೇ ಮುಂದೆ ತಳ್ಳಿದರು. 'ಶಾಲೆಯ ಅಡುಗೆಮನೇಲಿ ಮುನ್ನೂರು ಮಕ್ಕಳ್ನ ಒಂದು ಸೌಟು ತೋರ್ಸಿ ಸುಮ್ಮನಿರ್ಸಿದ್ದೀಯ, ನಿನಗೆ ಕೌನ್ಸಿಲರ್‌ಗಳು ಯಾವ ಲೆಕ್ಕ' ಅಂದಳು ಗ್ಲೆನಿಸ್. ಕಳೆದ ಗುರುವಾರ ನಿನ್ನ ತಂಗಿ ಕೊಟ್ಟ ನೀಲಿ ಕೋಟು ಹಾಕಿಕೊಂಡು ಹೋದೆ. ಸಭಾಂಗಣದಲ್ಲಿ ಹೀಟರು ಅವರ ಕಡೆಗೆ ಮಾತ್ರ ಇತ್ತು, ನಮ್ಮ ಕಡೆ ಕೋಟು ಬಿಚ್ಚುವ ಹಾಗಿರಲಿಲ್ಲ. ಬಿಸ್ಕತ್ತಿನ ತಟ್ಟೆಯೂ ಅವರ ಮೇಜಿನ ಮೇಲೇ. ಬಾಗಿಲ ಕಡೆ ನೋಡಿದರೆ ಇಲ್ಟಿಡ್ ಬಂದು ಕೊನೆಯ ಕುರ್ಚಿಯಲ್ಲಿ ಕೂತಿದ್ದಾನೆ, ಟೋಪಿ ಮಡಿಲಲ್ಲಿ. ಗ್ಲೆನಿಸ್ ನನ್ನ ಪಕ್ಕೆ ತಿವಿದಳು. 'ನಾವು ಏನು ಹೇಳ್ತೀವಿ ಅಂತ ಕೇಳೋಕೆ ಬಂದಿದಾನೆ ನೋಡು.' ನನಗೂ ಹಾಗೇ ಅನ್ನಿಸಿತು.

ಅಧ್ಯಕ್ಷೆ ಪ್ರೊಥೆರೊ ಅನ್ನುವವಳು. ಒಳ್ಳೆಯ ಹೆಂಗಸೇ ಇರಬೇಕು, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜಾತಿ. ಒಬ್ಬೊಬ್ಬರಿಗೆ ಮೂರು ನಿಮಿಷ, ಆಮೇಲೆ ಕೆಂಪು ದೀಪ. ಕೆಳಗಿನ ಬೀದಿಯ ಕೆರಿಸ್ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಆಸ್ಪತ್ರೆಗೆ ಹೋಗುವ ಬಸ್ಸಿನ ವಿಷಯ ಹೇಳಿದಳು. 'ಬಸ್ಸು ಬರುತ್ತೆ ಅಂತ ಬೋರ್ಡಲ್ಲಿ ಬರೆದಿದೆ ಮೇಡಂ. ಬೋರ್ಡು ಮಾತ್ರ ದಿನಾ ಬರುತ್ತೆ.' ಎಲ್ಲರೂ ನಕ್ಕರು. ಕೌನ್ಸಿಲರ್‌ಗಳೂ ನಕ್ಕರು. ನಕ್ಕಮೇಲೆ ಏನೂ ಬರೆದುಕೊಳ್ಳಲಿಲ್ಲ, ನಾನು ಗಮನಿಸಿದೆ. ಆಮೇಲೆ ನನ್ನ ಸರದಿ. ನೀರಿನ ವಿಷಯ ಹೇಳಿದೆ, ಪಿಯಾನೊ ವಿಷಯ ಹೇಳಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದೆ. ಪ್ರತಿವಾರ ಬರುತ್ತಿದ್ದ ನಿಮ್ಮ ಲಾರಿಯನ್ನು ನಮ್ಮ ಬೀದಿಯಲ್ಲಿ ಒಬ್ಬರೂ ಯಾಕೆ ನೋಡಿಲ್ಲ?

ರಸ್ತೆ ಮತ್ತು ಮೋರಿಗಳ ಅಧಿಕಾರಿ ಫೆಂಟನ್ ಎದ್ದ. ಇಸ್ತ್ರಿಯ ಅಂಗಿ, ಮೆತ್ತನೆ ದನಿ. 'ಜಾಲರಿ ಪ್ರತಿಸಲ ಸ್ವಚ್ಛವಾಗಿತ್ತು ಅನ್ನೋದನ್ನ ಈ ಮೇಡಂ ಕೂಡ ಅಲ್ಲಗಳೆಯಲ್ಲ ಅಂದ್ಕೋತೀನಿ. ತನ್ನಷ್ಟಕ್ಕೆ ತಾನೇ ಯಾವ ಜಾಲರಿಯೂ ಸ್ವಚ್ಛ ಆಗಲ್ಲ. ಬೇಸರದ ಸಂಗತಿ ಅಂದ್ರೆ, ನಿವಾಸಿಗಳಲ್ಲೇ ಯಾರೋ ಅಲ್ಲಿಗೆ ಕಸ ತಂದು ಹಾಕ್ತಾರೆ ಅಂತ ನಮಗೆ ಮಾಹಿತಿ ಇದೆ. ಜಾಲರಿ ಸುತ್ತಲಿನ ಬೇಲಿಯ ಗೇಟಿನ ಬೀಗ ಒಡೆದಿದೆ.' ನಮ್ಮ ಸಾಲಿನವರೆಲ್ಲ ಒಟ್ಟಿಗೆ ಹಿಂದೆ ತಿರುಗಿದರು. ಗ್ಲೆನಿಸ್ ಮಾತ್ರ ತಿರುಗಲಿಲ್ಲ, ಕೈಗವಸಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಆ ಮಾಹಿತಿ ಅವರಿಗೆ ಎಲ್ಲಿಂದ ಹೋಯಿತು ಅಂತ ನನಗೆ ಆಗ ಹೊಳೆಯಿತು. ನನ್ನ ದೀಪ ಇನ್ನೂ ಹಸಿರಾಗಿತ್ತು. ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು ಎಮ್ರಿಸ್, ಹೇಳಿಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಹಿಂದಿನಿಂದ ಕುರ್ಚಿ ಸದ್ದಾಯಿತು.

'ಬೀಗ ಒಡೆದವ್ನು ನಾನೇ' ಅಂದ ಇಲ್ಟಿಡ್. ಅವನು ಎದ್ದು ನಿಲ್ಲುವುದಕ್ಕೇ ಮುಂದಿನ ಕುರ್ಚಿ ಹಿಡಿದುಕೊಳ್ಳಬೇಕಾಯಿತು. ಅಧ್ಯಕ್ಷೆ ಮೈಕಿನಲ್ಲಿ ಮಾತಾಡಿ ಅಂದಳು, ಅವನು ಮೈಕಿನವರೆಗೆ ನಡೆಯಲಿಲ್ಲ. 'ಕಸ ಹಾಕೋಕೆ ಅಲ್ಲ ಸ್ವಾಮಿ, ತೆಗೆಯೋಕೆ. ಸೆಪ್ಟೆಂಬರ್‌ನಿಂದ ಮಳೆ ಬಂದ್ ಬೆಳಗೆಲ್ಲ ಕುಂಟೆ ತಗೊಂಡ್ ಹೋಗಿ ಎಳೀತಿದ್ದೆ, ಚೀಲಕ್ ತುಂಬ್ಕೊಂಡ್ ಬರ್ತಿದ್ದೆ. ನಿಮ್ಮವ್ರು ಯಾರೂ ಬಂದಿಲ್ಲ. ಡಿಸೆಂಬರಲ್ಲಿ ಸೊಂಟ ಹಿಡ್ಕಂಡು ಮೂರ್ ದಿನ ಹಾಸಿಗೆ ಬಿಟ್ಟು ಏಳೋಕಾಗ್ಲಿಲ್ಲ. ಮಲಗಿದ್ದೋನಿಗೆ ಮಳೆ ಸದ್ದು ಕೇಳ್ತಾನೇ ಇತ್ತು.' ಆಮೇಲೆ ನನ್ನ ಕಡೆ ನೋಡಿ, 'ಯಾರಿಗಾದ್ರೂ ಹೇಳ್ಬೇಕಾಗಿತ್ತು. ಬೀಗದ ಕೇಸು ಹಾಕ್ತಾರೇನೋ ಅಂತ ಹೆದ್ರಿದೆ' ಅಂದು ಕೂತ. ನಾನು ಆ ಕೈಚೀಲ ನೆನೆಸಿಕೊಂಡು ನೆಲ ನೋಡಿದೆ.

ಆದರೆ ಫೆಂಟನ್ ಬಿದ್ದರೂ ಮೀಸೆ ಮಣ್ಣಾಗದವನು. ಪಕ್ಕದವನ ಕಿವಿಯಲ್ಲಿ ಏನೋ ಕೇಳಿದ, ತಲೆಯಾಡಿಸಿದ, ಮತ್ತೆ ಎದ್ದ. ಸೆಪ್ಟೆಂಬರಿನಿಂದ ಕೆಲಸಗಾರರ ಸರದಿಯಲ್ಲಿ 'ಚಿಕ್ಕಪುಟ್ಟ ಹೊಂದಾಣಿಕೆ' ಆಗಿತ್ತಂತೆ. ಅದಕ್ಕೆ ಮೊದಲು ಎಲ್ಲ ಸರಿಯಾಗಿಯೇ ನಡೆಯುತ್ತಿತ್ತಂತೆ. 'ಈ ಹಿರಿಯರಿಗೆ ನಾವು ಕೃತಜ್ಞರು. ಬೀಗದ ವಿಷಯ ಮುಂದುವರಿಸಲ್ಲ. ಇದು ಬರೀ ಕೆಲವೇ ತಿಂಗಳ ತೊಡಕು. ಏಪ್ರಿಲ್‌ನಿಂದ ಮೊದಲು ಹೇಗಿತ್ತೋ ಹಾಗೇ ಮಾಡಿಕೊಡ್ತೀವಿ.' ಜನ ಚಪ್ಪಾಳೆ ತಟ್ಟಿಬಿಟ್ಟರು! ನಮ್ಮ ಬೀದಿಯವರೇ! ಮುಳುಗಿದವರೇ! ಪ್ರೊಥೆರೊ ಮುಖ ಅರಳಿತು, ಮುಂದಿನ ತಿಂಗಳ ಸಭೆಯಲ್ಲಿ ಇದನ್ನು ಮುಗಿಸೋಣ ಅಂದಳು. ನಾನು ತಟ್ಟಲಿಲ್ಲ. ಸೆಪ್ಟೆಂಬರಿಗೆ ಮೊದಲೂ ನಾನು ಲಾರಿ ನೋಡಿಲ್ಲ. ಆದರೂ ಜಾಲರಿ ಸ್ವಚ್ಛವಾಗಿತ್ತು. ಇಲ್ಟಿಡ್ ಸೆಪ್ಟೆಂಬರಿನಿಂದ ಮಾತ್ರ ಮಾಡಿದ್ದು. ಹಾಗಾದರೆ 'ಮೊದಲು' ಅನ್ನುವುದು ಏನು? ಬಹುಶಃ ನಾನು ಮಲಗಿರುವಾಗ ಬಂದು ಹೋಗುತ್ತಿದ್ದರೇನೋ ಅಂತ ನನ್ನ ಮೇಲೆ ನನಗೇ ಸಂಶಯ ಬರುವ ಹಾಗೆ ಮಾಡಿದ ಆ ಮೆತ್ತನೆ ದನಿಯವನು.

ಹೊರಗೆ ಬಂದಾಗ ಗ್ಲೆನಿಸ್ ಬಸ್ಸಿನ ನೆಪ ಹೇಳಿ ಮುಂದೆ ಹೋದಳು. ಯಾವ ಬಸ್ಸು ಅಂತ ನಾನು ಕೇಳಲಿಲ್ಲ. ಇಲ್ಟಿಡ್‌ಗೆ ತೋಳು ಕೊಟ್ಟು ಬೆಟ್ಟದ ದಾರಿ ಹತ್ತಿದೆ. ಅವನ ಬಾಗಿಲಲ್ಲಿ, 'ಭಾನುವಾರ ನನ್ನ ಪಕ್ಕ ಕೂತ್ಕೋ, ನಿನ್ನ ದನಿ ಇಲ್ದೆ ಹಾಡು ಎಳೆಯುತ್ತೆ' ಅಂದೆ. 'ಕೈಚೀಲ ಎಲ್ಲಿಡ್ತೀಯ?' ಅಂದ ಆ ಮುದುಕ! ಮೊನ್ನೆ ಭಾನುವಾರ ಬಂದು ಕೂತ. ಹಾಡಿನಲ್ಲಿ ಎಂದಿನಂತೆ ಅರ್ಧ ತಾಳ ಮುಂದೆ ಓಡಿದ.

ಇವತ್ತು ಒಂದು ಪಾತ್ರೆ ಕಾವ್ಲ್ ಸಾರು ಮಾಡಿದ್ದೇನೆ, ಕುರಿಮಾಂಸ ಜಾಸ್ತಿ, ಲೀಕ್ ಈರುಳ್ಳಿ ಜಾಸ್ತಿ. ಅರ್ಧ ಅವನಿಗೆ ಕೊಟ್ಟು ಬರುತ್ತೇನೆ. ನೀನು ಚೆನ್ನಾಗಿ ತಿನ್ನು, ನಿನ್ನ ಅಡುಗೆಯನ್ನೇ ಆದರೂ. ಹಡಗಿನ ಎಲ್ಲರಿಗೂ ನನ್ನ ನಮಸ್ಕಾರ ಹೇಳು, ಆ ಪೋರ್ಚುಗೀಸ್ ನಾವಿಕನಿಗೂ ಹೇಳು, ಆದರೆ ಅವನ ಜೊತೆ ಇಸ್ಪೀಟು ಬೇಡ. ಕಡಲು ನಿನ್ನನ್ನು ಒದ್ದೆಯಾಗದ ಕಾಲಿನಲ್ಲಿ ಮನೆಗೆ ಕಳಿಸಲಿ.

ನಿನ್ನವಳೇ,
ಟೆಗ್ವೆನ್

ಮರೆಯುವ ಮೊದಲು: ಲಕೋಟೆ ಅಂಟಿಸಿದ್ದನ್ನು ಹರಿದು ಬರೆಯುತ್ತಿದ್ದೇನೆ, ಅಂಚೆಯ ವ್ಯಾನು ಬೀದಿಯ ಕೆಳಗಿದೆ. ಸಾರು ಕೊಟ್ಟು ಈಗಷ್ಟೇ ಬಂದೆ. ಸೆಪ್ಟೆಂಬರಿನಲ್ಲೇ ಯಾಕೆ ಶುರುಮಾಡಿದೆ, ಯಾರು ಹೇಳಿದರು ಅಂತ ಇಲ್ಟಿಡ್‌ನನ್ನು ಕೇಳಿದೆ. ಚಮಚ ಕೆಳಗಿಟ್ಟು ಒಪ್ಪಿಕೊಂಡ. 'ಸೆಪ್ಟೆಂಬರಲ್ಲಿ ಎಮ್ರಿಸ್ ಹಡಗು ಹತ್ತೋ ಹಿಂದಿನ ದಿನ ಕುಂಟೆ ನನ್ ಕೈಲಿಟ್ಟ. ಎಷ್ಟೋ ವರ್ಷದಿಂದ, ಊರಲ್ಲಿದ್ದಾಗೆಲ್ಲ ಅವ್ನೇ ಮಾಡ್ತಿದ್ದದ್ದು, ಇಲ್ಲದಾಗ ನಾನೇ ಆಗಾಗ ನೋಡ್ಕೋತಿದ್ದೆ, ಈ ಸಲ ಮಳೆ ಬಂದಾಗೆಲ್ಲ ನೋಡ್ಕೋ ಅಂದ. ಟೆಗ್ವೆನ್‌ಗೆ ಮಾತ್ರ ಹೇಳ್ಬೇಡ ಅಂದ, ಗೊತ್ತಾದ್ರೆ ಮಾರನೇ ದಿನ ಕೌನ್ಸಿಲ್‌ಗೆ ಹೋಗಿ ಕೂಗಾಡ್ತಾಳೆ ಅಂತ.' ಹೌದು, ಕೂಗಾಡುತ್ತಿದ್ದೆ! ಕೂಗಾಡಬೇಕಿತ್ತು! ಲಾರಿ ಯಾವತ್ತೂ ಬಂದಿಲ್ಲ ಎಮ್ರಿಸ್. ಅವರು ಹೇಳುವ ಆ 'ಮೊದಲು' ನೀನು. ಏಪ್ರಿಲ್‌ನಿಂದ ಅವರು ಹಿಂದಕ್ಕೆ ತಂದುಕೊಡುತ್ತೇವೆ ಅನ್ನುವುದು ನಿನ್ನ ಕೆಟ್ಟ ಮೊಣಕಾಲನ್ನು. ಬಂದರಿನಲ್ಲಿ ಇಳಿದ ತಕ್ಷಣ ನಿನ್ನ ಕೈಯಲ್ಲೇ ಎಲ್ಲ ಬರೆದು, ಸಹಿ ಹಾಕಿ, ಕ್ಯಾಪ್ಟನ್ ಸಾಕ್ಷಿ ಹಾಕಿಸಿ ಕಳಿಸು. ಮುಂದಿನ ಸಭೆಯಲ್ಲಿ ಅದನ್ನು ಓದಿ ಫೆಂಟನ್ ಮುಖ ನೋಡಬೇಕು, ಕೆಂಪು ದೀಪ ಹತ್ತಿದರೂ ಕೂರುವುದಿಲ್ಲ. ಇನ್ನೊಂದು. ಮಳೆಯ ಬೆಳಗುಗಳಲ್ಲಿ ನಾಯಿಯ ನೆಪ ಹೇಳಿ ಎದ್ದು ಹೋಗಿ, ಕೆಸರು ಕಾಲಿನಲ್ಲಿ, ಮುಖದಲ್ಲಿ ಅಷ್ಟು ಸಂತೋಷ ಇಟ್ಟುಕೊಂಡು ಬರುತ್ತಿದ್ದೆಯಲ್ಲ, ಇಷ್ಟು ವರ್ಷ ನೀನು ಯಾರ ಬಾಗಿಲಿನಿಂದ ಬರುತ್ತೀಯ ಅಂತ ನಾನು ಅಂದುಕೊಂಡಿದ್ದೆ ಅನ್ನುವುದನ್ನು ಮಾತ್ರ ಕೇಳಬೇಡ. ಬೇಗ ಬಾ. — ಟೆ.